ಬೇರೆ ಬೇರೆ ಜನರ ನಡುವೆ ನಂಬಿಕೆ ಕಟ್ಟುವ ಸ್ಥಳೀಯ ನಾಯಕರನ್ನು ಬೆಳೆಸುವುದು ಹೇಗೆ? ಸಮಗ್ರ ಮಾರ್ಗದರ್ಶಿ

ಹಲವು ಭಾಷೆ, ಹಲವು ಧರ್ಮ, ಹಳಬರು, ಹೊಸಬರು, ಸ್ವಂತ ಮನೆಯವರು, ಬಾಡಿಗೆಯವರು ಎಲ್ಲರೂ ಇರುವ ಕಡೆ ಒಂದು ಸಭೆ ಕರೆದು ನೋಡಿ. ಮಾತಾಡುವವರು ಅದೇ ನಾಲ್ಕು ಜನ. ಉಳಿದವರು ತಲೆಯಾಡಿಸಿ, ಸಹಿ ಹಾಕಿ, ಮನೆಗೆ ಹೋಗುತ್ತಾರೆ. ನಿಜವಾದ ಮಾತು ಶುರುವಾಗುವುದು ಸಭೆ ಮುಗಿದ ಮೇಲೆ, ಗೇಟಿನ ಹೊರಗೆ, ತಮ್ಮ ತಮ್ಮವರ ಜೊತೆ. "ಅವರಿಗೆ ಬೇಕಾದ್ದನ್ನು ಅವರು ಮಾಡಿಕೊಂಡರು, ನಮ್ಮನ್ನು ಯಾರು ಕೇಳ್ತಾರೆ?"

ಗೇಟಿನ ಹೊರಗಿನ ಆ ಮಾತನ್ನು ಸಭೆಯ ಒಳಗೆ ತರುವ ಜನ ಬೇಕು. ಅಂಥವರು ಎಲ್ಲ ಕಡೆಯೂ ಇದ್ದಾರೆ. ಆದರೆ ಅವರನ್ನು ಯಾರೂ ನಾಯಕರು ಅಂತ ಕರೆದಿರುವುದಿಲ್ಲ. ಅವರನ್ನು ಹುಡುಕಿ, ಗುಂಪು ಕಟ್ಟಿ, ಕೊನೆಗೆ ನೀವು ಪಕ್ಕಕ್ಕೆ ಸರಿಯುವವರೆಗಿನ ಕೆಲಸ ಹೇಗೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಒಂದೂವರೆ ಎರಡು ವರ್ಷದ ಕೆಲಸ ಅಂತ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಎರಡು ದಿನದ ಶಿಬಿರದಲ್ಲಿ ಇದು ಆಗುವುದಿಲ್ಲ.

ಮೊದಲು ಒಂದು ಮಾತು: ಯಾವ ನಂಬಿಕೆ?

ನಂಬಿಕೆ ಅಂದರೆ ಒಂದೇ ಅಲ್ಲ. ರೋಜರ್ ಮೇಯರ್ ಮತ್ತು ಇನ್ನಿಬ್ಬರು ಸಂಶೋಧಕರು 1995ರಲ್ಲಿ ಅದನ್ನು ಮೂರು ಭಾಗ ಮಾಡಿ ತೋರಿಸಿದರು. ಈ ಮನುಷ್ಯನಿಗೆ ಕೆಲಸ ಗೊತ್ತಿದೆಯಾ? ಇವನಿಗೆ ನಮ್ಮ ಒಳ್ಳೆಯದು ಬೇಕಾಗಿದೆಯಾ? ಇವನು ಹೇಳಿದಂತೆ ನಡೆಯುತ್ತಾನಾ? ನನಗೆ ಇದು ತುಂಬಾ ಉಪಯೋಗಕ್ಕೆ ಬಂದಿದೆ. ಯಾರನ್ನೋ ಜನ ನಂಬುತ್ತಿಲ್ಲ ಅಂದಾಗ, ಈ ಮೂರರಲ್ಲಿ ಯಾವುದು ಇಲ್ಲ ಅಂತ ಕೇಳಿಕೊಂಡರೆ ಮುಂದೇನು ಮಾಡಬೇಕು ಅನ್ನುವುದು ಗೊತ್ತಾಗುತ್ತದೆ. ಬೇರೆ ಗುಂಪಿನವರ ವಿಷಯದಲ್ಲಿ ಅನುಮಾನ ಇರುವುದು ಸಾಮಾನ್ಯವಾಗಿ ಎರಡನೆಯದರ ಮೇಲೆ. "ಒಳ್ಳೆ ಕೆಲಸಗಾರ, ಸುಳ್ಳು ಹೇಳಲ್ಲ, ಆದರೆ ಕೊನೆಗೆ ತನ್ನವರ ಕಡೆಗೇ ನಿಲ್ಲುತ್ತಾನೆ" ಅನ್ನುತ್ತಾರೆ.

ಇಲ್ಲೇ ಇರುವುದು ಗಂಟು. ತನ್ನವರ ಒಳಗೆ ಗಟ್ಟಿ ಹೆಸರು ಇರುವವನನ್ನೇ ಪಕ್ಕದ ಗುಂಪಿನವರು ಜಾಸ್ತಿ ಅನುಮಾನದಿಂದ ನೋಡಬಹುದು. ಒಳಗಿನ ನಂಟು ಬೇರೆ, ಗುಂಪುಗಳ ನಡುವಿನ ನಂಟು ಬೇರೆ ಅಂತ ಅಮೆರಿಕದ ರಾಜಕೀಯ ವಿಜ್ಞಾನಿ ರಾಬರ್ಟ್ ಪಟ್ನಮ್ ವಿವರವಾಗಿ ಬರೆದಿದ್ದಾರೆ. ನಿಮಗೆ ಎರಡೂ ಬೇಕು. ಮನೆ ಗೆದ್ದು ಮಾರು ಗೆಲ್ಲು ಅನ್ನುತ್ತಾರಲ್ಲ, ಹಾಗೆ. ತನ್ನವರೇ ನಂಬದ ಮನುಷ್ಯ ಹೊರಗಿನವರ ಜೊತೆ ಎಷ್ಟು ಚೆನ್ನಾಗಿದ್ದರೂ, ಅವನು ತಂದ ಒಪ್ಪಂದಕ್ಕೆ ಬೆಲೆ ಇರುವುದಿಲ್ಲ.

ಹೆಜ್ಜೆ 1: ಜನ ಹುಡುಕಿಕೊಂಡು ಹೋಗುವವರನ್ನು ಹುಡುಕಿ

ಮೈಕ್ ಕಂಡರೆ ಎದ್ದು ಬರುವವರನ್ನು ಸದ್ಯಕ್ಕೆ ಬಿಡಿ. ಒಂದು ನೋಟ್‌ಬುಕ್ ತೆಗೆದುಕೊಂಡು ಪ್ರತಿ ಗುಂಪಿನಿಂದ ಎಂಟು ಹತ್ತು ಜನರ ಹತ್ತಿರ ಹೋಗಿ. ಗಂಡಸರು, ಹೆಂಗಸರು, ವಯಸ್ಸಾದವರು, ಹುಡುಗರು ಎಲ್ಲರೂ ಇರಲಿ. "ನಿಮ್ಮ ನಾಯಕರು ಯಾರು?" ಅಂತ ಮಾತ್ರ ಕೇಳಬೇಡಿ. ಹಾಗೆ ಕೇಳಿದರೆ ಅಧಿಕಾರದಲ್ಲಿ ಇರುವವರ ಹೆಸರೇ ಬರುತ್ತದೆ. ಹೀಗೆ ಕೇಳಿ:

- ರಾತ್ರಿ ಹನ್ನೊಂದಕ್ಕೆ ಮನೆಯಲ್ಲಿ ಯಾರಿಗೋ ಹುಷಾರು ತಪ್ಪಿದರೆ ಮೊದಲು ಯಾರ ಬಾಗಿಲು ತಟ್ಟುತ್ತೀರಿ?
- ಸರ್ಕಾರಿ ಕಾಗದ ಬಂದರೆ ಯಾರಿಗೆ ತೋರಿಸುತ್ತೀರಿ?
- ಇಬ್ಬರು ಜಗಳ ಆಡಿದರೆ ಯಾರು ಹೇಳಿದರೆ ಕೇಳುತ್ತಾರೆ?
- ನಿಮ್ಮವರಲ್ಲದವರ ಪೈಕಿ ನೀವು ಧೈರ್ಯವಾಗಿ ಮನೆ ಬೀಗದ ಕೈ ಕೊಟ್ಟು ಹೋಗಬಹುದಾದ ಒಬ್ಬರ ಹೆಸರು ಹೇಳಿ.

ಕೊನೆಯ ಪ್ರಶ್ನೆಗೆ ಬಹಳ ಜನ ಸುಮ್ಮನಾಗುತ್ತಾರೆ. ಆ ಮೌನವನ್ನೂ ಬರೆದುಕೊಳ್ಳಿ. ಎರಡು ಬೇರೆ ಗುಂಪಿನವರ ಬಾಯಲ್ಲಿ ಒಂದೇ ಹೆಸರು ಬಂದರೆ ಅದರ ಕೆಳಗೆ ಎರಡು ಗೆರೆ ಎಳೆಯಿರಿ.

ಇದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ 1957ರದ್ದು. ಅಮೆರಿಕದ ದಕ್ಷಿಣ ಕ್ಯಾರೊಲಿನಾದಲ್ಲಿ ಆಗ ಮತದಾರರ ಪಟ್ಟಿಗೆ ಹೆಸರು ಸೇರಿಸಬೇಕಾದರೆ ಓದು ಬರಹದ ಪರೀಕ್ಷೆ ಇತ್ತು. ಕಪ್ಪು ಜನರನ್ನು ಹೊರಗಿಡಲು ಅದನ್ನು ಬಳಸುತ್ತಿದ್ದರು. ಜಾನ್ಸ್ ದ್ವೀಪದಲ್ಲಿ ದೊಡ್ಡವರಿಗೆ ಪಾಠ ಶುರು ಮಾಡಬೇಕು ಅಂದಾಗ ನಾಗರಿಕ ಹಕ್ಕುಗಳ ಹೋರಾಟಗಾರ್ತಿ ಸೆಪ್ಟಿಮಾ ಕ್ಲಾರ್ಕ್ ಮತ್ತು ಅವರ ಜೊತೆಯವರು ತರಬೇತಿ ಪಡೆದ ಶಿಕ್ಷಕರನ್ನು ಕರೆಯಲಿಲ್ಲ. ಬರ್ನೀಸ್ ರಾಬಿನ್ಸನ್ ಅನ್ನುವ ಹೆಂಗಸನ್ನು ಕರೆದರು. ಅವರು ಕೂದಲು ಅಲಂಕಾರದ ಕೆಲಸ ಮಾಡುತ್ತಿದ್ದವರು, ಬಟ್ಟೆ ಹೊಲಿಯುತ್ತಿದ್ದವರು. ಪಾಠ ಮಾಡಿ ಅಭ್ಯಾಸವೇ ಇರಲಿಲ್ಲ. ಆದರೆ ಜನರ ಮಾತು ಕೇಳಿ ಗೊತ್ತಿತ್ತು, ಯಾರನ್ನೂ ಕೀಳಾಗಿ ನೋಡುತ್ತಿರಲಿಲ್ಲ. ಮೊದಲ ತರಗತಿಯಲ್ಲಿ 14 ಜನ ಇದ್ದರು. ನಿಮಗೆ ಏನು ಕಲಿಯಬೇಕು ಅಂತ ಅವರನ್ನೇ ಕೇಳಿ ಬರ್ನೀಸ್ ಪಾಠ ಶುರು ಮಾಡಿದರು. ಸಹಿ ಮಾಡುವುದು, ಫಾರಂ ತುಂಬುವುದು, ಹೀಗೆ. ಆ ಒಂದು ತರಗತಿಯ ಮಾದರಿ ಮುಂದೆ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲೆಲ್ಲ ಹರಡಿತು.

ಹಾಗಾಗಿ ಪದವಿ, ಭಾಷಣ, ಇಸ್ತ್ರಿ ಮಾಡಿದ ಬಟ್ಟೆ ಇವುಗಳ ಮೇಲೆ ಲೆಕ್ಕ ಹಾಕಬೇಡಿ. ಯಾರ ಮುಂದೆ ಜನ ನಾಚಿಕೆ ಇಲ್ಲದೆ "ನನಗೆ ಗೊತ್ತಿಲ್ಲ" ಅನ್ನುತ್ತಾರೋ ಅವರನ್ನು ಹುಡುಕಿ.

ಹೆಜ್ಜೆ 2: ಒಬ್ಬೊಬ್ಬರ ಜೊತೆ ಕೂತು ಮಾತಾಡಿ

ಹೆಸರು ಸಿಕ್ಕಿದ ತಕ್ಷಣ ಫೋನ್ ಮಾಡಿ ಸಭೆಗೆ ಕರೆಯಬೇಡಿ. ಅವರ ಜಾಗಕ್ಕೇ ಹೋಗಿ, ಅವರಿಗೆ ಬಿಡುವಿದ್ದಾಗ ಹೋಗಿ. ಮುಕ್ಕಾಲು ಗಂಟೆ ಸಾಕು. ಅದರಲ್ಲಿ ಅರ್ಧ ಗಂಟೆಗಿಂತ ಜಾಸ್ತಿ ಅವರೇ ಮಾತಾಡಬೇಕು.

ಏನು ತಿಳಿದುಕೊಳ್ಳಬೇಕು? ಅವರ ನಿದ್ದೆ ಕೆಡಿಸುವ ವಿಷಯ ಯಾವುದು, ಅದರ ಹಿಂದಿನ ಕಥೆ ಏನು, ಅವರ ಮಾತಿಗೆ ಯಾರು ಬರುತ್ತಾರೆ. ಕೈಯಲ್ಲಿ ಫಾರಂ ಹಿಡಿದು ಕೂರಬೇಡಿ. ಜನ ಫಾರಂ ನೋಡಿದರೆ ಫಾರಂಗೆ ಬೇಕಾದ ಉತ್ತರ ಕೊಡುತ್ತಾರೆ.

ಒಮ್ಮೆ ಒಬ್ಬ ಹೆಂಗಸಿನ ಹತ್ತಿರ ಹೋಗಿದ್ದೆ. ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಇಪ್ಪತ್ತು ನಿಮಿಷ "ನಮಗೇನೂ ತೊಂದರೆ ಇಲ್ಲ, ಎಲ್ಲ ಚೆನ್ನಾಗಿದೆ" ಅನ್ನುತ್ತಲೇ ಇದ್ದರು. ಯಂತ್ರ ನಿಲ್ಲಿಸಲಿಲ್ಲ. ನಾನು ಎದ್ದು ಹೊರಡುವಾಗ, ಮಗಳು ಟ್ಯೂಷನ್ ಮುಗಿಸಿ ಎಷ್ಟು ಹೊತ್ತಿಗೆ ಬರುತ್ತಾಳೆ ಅಂತ ಸುಮ್ನೆ ಕೇಳಿದೆ. ಯಂತ್ರ ನಿಂತಿತು. "ಆ ತಿರುವಿನಲ್ಲಿ ದೀಪ ಇಲ್ಲ. ದಿನಾ ಏಳೂವರೆಗೆ ಹೋಗಿ ನಿಲ್ಲುತ್ತೇನೆ. ಆ ಕಡೆಯವರ ಮಕ್ಕಳೂ ಅಲ್ಲೇ ಬರುತ್ತವೆ, ಅವರ ತಾಯಂದಿರೂ ನಿಂತಿರುತ್ತಾರೆ. ಒಬ್ಬರಿಗೊಬ್ಬರು ಮಾತಾಡಲ್ಲ." ಒಂದೇ ತಿರುವು, ಒಂದೇ ಭಯ, ಎರಡು ಕಡೆ ನಿಂತ ತಾಯಂದಿರು. ಆರು ತಿಂಗಳು ಸಮೀಕ್ಷೆ ಮಾಡಿದ್ದರೂ ನನಗೆ ಇದು ಸಿಗುತ್ತಿರಲಿಲ್ಲ.

ಮಾತು ಮುಗಿಸುವಾಗ ಒಂದು ಚಿಕ್ಕ ಕೆಲಸ ಕೇಳಿ: "ಇದೇ ಚಿಂತೆ ಇರುವ ಇನ್ನಿಬ್ಬರನ್ನು ಪರಿಚಯ ಮಾಡಿಸುತ್ತೀರಾ?" ಮಾಡಿಸಿದರೆ ಅವರಲ್ಲಿ ನಾಯಕತ್ವ ಇದೆ. ಮಾಡಿಸದಿದ್ದರೆ ಒಳ್ಳೆ ಮನುಷ್ಯರು, ಆದರೆ ಈಗ ಈ ಕೆಲಸಕ್ಕೆ ಅಲ್ಲ. ಬೇಜಾರು ಬೇಡ.

ಹೆಜ್ಜೆ 3: ಚಿಕ್ಕ ಗುಂಪು, ಸಮಾನ ಸ್ಥಾನ, ಕಣ್ಣಿಗೆ ಕಾಣುವ ಕೆಲಸ

ಆರರಿಂದ ಒಂಬತ್ತು ಜನರ ಗುಂಪು ಮಾಡಿ. ಪ್ರತಿ ಸಮುದಾಯದಿಂದ ಕನಿಷ್ಠ ಇಬ್ಬರು ಇರಲಿ. ಒಬ್ಬರೇ ಇದ್ದರೆ ಅವರು ಇಡೀ ಸಮುದಾಯದ ಪರವಾಗಿ ಉತ್ತರ ಕೊಡಬೇಕಾಗುತ್ತದೆ. ಅದು ಭಾರಿ ಹೊರೆ. ಇಬ್ಬರಿದ್ದರೆ ಒಬ್ಬರು ಇನ್ನೊಬ್ಬರ ಮಾತಿಗೆ "ನನಗೆ ಹಾಗನ್ನಿಸಲ್ಲ" ಅನ್ನಬಹುದು. ಆಗ ಉಳಿದವರಿಗೆ, ಆ ಸಮುದಾಯದಲ್ಲೂ ಎಲ್ಲರೂ ಒಂದೇ ತರ ಯೋಚಿಸಲ್ಲ ಅನ್ನುವುದು ಕಣ್ಣಾರೆ ಕಾಣುತ್ತದೆ.

ಬರೀ ಒಟ್ಟಿಗೆ ಕೂರಿಸಿದರೆ ಸಾಕಾ? ಸಾಲದು. 1954ರಲ್ಲಿ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್ಪೋರ್ಟ್ ಹೇಳಿದ ನಾಲ್ಕು ಷರತ್ತುಗಳು ಈಗಲೂ ಕೆಲಸಕ್ಕೆ ಬರುತ್ತವೆ: ಸ್ಥಾನ ಸಮಾನ ಇರಬೇಕು, ಗುರಿ ಒಂದೇ ಇರಬೇಕು, ಗುರಿ ಮುಟ್ಟಲು ಒಬ್ಬರಿಗೊಬ್ಬರು ಬೇಕಾಗಬೇಕು, ಮೇಲಿನವರ ಬೆಂಬಲ ಇರಬೇಕು. 2006ರಲ್ಲಿ ಪೆಟಿಗ್ರೂ ಮತ್ತು ಟ್ರಾಪ್ ಅನ್ನುವ ಸಂಶೋಧಕರು 515 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದರು. ಒಡನಾಟ ಸಾಮಾನ್ಯವಾಗಿ ಪೂರ್ವಗ್ರಹ ಕಡಿಮೆ ಮಾಡುತ್ತದೆ, ಈ ಷರತ್ತುಗಳು ಇದ್ದಾಗ ಇನ್ನೂ ಜಾಸ್ತಿ ಕಡಿಮೆ ಮಾಡುತ್ತದೆ ಅಂತ ಗೊತ್ತಾಯಿತು.

ಅದೇ 1954ರಲ್ಲಿ ಅಮೆರಿಕದ ಒಕ್ಲಹೋಮಾದ ಒಂದು ಬೇಸಿಗೆ ಶಿಬಿರದಲ್ಲಿ ಮನಶ್ಶಾಸ್ತ್ರಜ್ಞ ಮುಜಫರ್ ಶೆರಿಫ್ ಒಂದು ಪ್ರಯೋಗ ಮಾಡಿದರು. 22 ಹುಡುಗರು, ಎರಡು ಗುಂಪು. ಪಂದ್ಯ ಆಡಿಸಿದಾಗ ಗುಂಪುಗಳ ನಡುವೆ ಜಗಳ ಹತ್ತಿಕೊಂಡಿತು. ಆಮೇಲೆ ಅವರನ್ನು ಒಟ್ಟಿಗೆ ಊಟಕ್ಕೆ ಕೂರಿಸಿದರು, ಸಿನಿಮಾ ತೋರಿಸಿದರು. ಏನೂ ಪ್ರಯೋಜನ ಆಗಲಿಲ್ಲ. ಊಟದ ಪದಾರ್ಥವನ್ನೇ ಒಬ್ಬರ ಮೇಲೊಬ್ಬರು ಎಸೆದಾಡಿದರು. ನೀರಿನ ವ್ಯವಸ್ಥೆ ಕೆಟ್ಟಿದೆ, ಎಲ್ಲರೂ ಸೇರಿ ಹುಡುಕಬೇಕು ಅಂದಾಗ, ಲಾರಿ ಸ್ಟಾರ್ಟ್ ಆಗುತ್ತಿಲ್ಲ, ಎಲ್ಲರೂ ಹಗ್ಗ ಹಿಡಿದು ಎಳೆಯಬೇಕು ಅಂದಾಗ, ನಿಧಾನಕ್ಕೆ ಹಗೆ ಇಳಿಯಿತು. ಒಂದೇ ಸಲಕ್ಕಲ್ಲ, ಹಲವು ಸಲ ಆದ ಮೇಲೆ. ಮಕ್ಕಳ ನಡುವೆ ಬೇಕಂತಲೇ ಜಗಳ ಹುಟ್ಟಿಸಿದ್ದು ಸರಿಯಲ್ಲ ಅಂತ ನನಗೂ ಅನ್ನಿಸುತ್ತದೆ. ಆದರೂ ಸೌಹಾರ್ದ ಕೂಟ ಮಾಡಿ ಫೋಟೋ ತೆಗೆದು ಮುಗಿಸುವವರು ಇದನ್ನು ಒಮ್ಮೆ ನೆನಪು ಮಾಡಿಕೊಳ್ಳಬೇಕು.

ಮೊದಲ ಕೆಲಸ ಆರಿಸುವಾಗ ನಾನು ನೋಡುವುದು ಇಷ್ಟು: ಮೂರು ತಿಂಗಳ ಒಳಗೆ ಮುಗಿಯಬೇಕು. ಮುಗಿದಾಗ ಎಲ್ಲರ ಕಣ್ಣಿಗೆ ಕಾಣಬೇಕು. ಒಂದು ಗುಂಪು ಒಂಟಿಯಾಗಿ ಮಾಡಲು ಆಗಬಾರದು. ಲಾಭ ಎಲ್ಲರಿಗೂ ಸಿಗಬೇಕು. ಬೀದಿ ದೀಪ, ಕಟ್ಟಿಕೊಂಡಿರುವ ಚರಂಡಿ, ಮಕ್ಕಳ ಆಟದ ಜಾಗ ಇಂಥವು ಸರಿ. ಬಹಳ ಹಳೆಯ ಗಾಯದ ವಿಷಯವನ್ನು ಮೊದಲೇ ಎತ್ತಿಕೊಳ್ಳಬೇಡಿ. ಅದನ್ನು ಮರೆಯಬೇಕು ಅಂತಲ್ಲ. ಅದನ್ನು ಹೊರುವ ಶಕ್ತಿ ಗುಂಪಿಗೆ ಇನ್ನೂ ಬಂದಿಲ್ಲ.

ಕೆಲಸ ಹಂಚುವಾಗ ಬೇರೆ ಬೇರೆ ಕಡೆಯ ಇಬ್ಬಿಬ್ಬರನ್ನು ಜೋಡಿ ಮಾಡಿ. ಕಚೇರಿಗೆ ಅರ್ಜಿ ಕೊಡಲು ಹೋಗುವವರು ಜೋಡಿಯಾಗಿಯೇ ಹೋಗಲಿ. ಕಾಯುವ ಬೆಂಚಿನ ಮೇಲೆ ಎರಡು ಗಂಟೆ ಪಕ್ಕ ಪಕ್ಕ ಕೂತಾಗ ಆಗುವ ಮಾತು ಯಾವ ತರಬೇತಿಯಲ್ಲೂ ಆಗುವುದಿಲ್ಲ.

ಹೆಜ್ಜೆ 4: ಸಭೆಯ ರೀತಿ ಬದಲಾಯಿಸಿ

ಸ್ಥಾನ ಸಮಾನ ಅನ್ನುವುದನ್ನು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಕುರ್ಚಿ, ಸಮಯ, ಭಾಷೆ ಇವುಗಳಲ್ಲಿ ಅದು ಕಾಣಬೇಕು.

ಎಲ್ಲರಿಗೂ ಒಂದೇ ತರದ ಕುರ್ಚಿ, ವೃತ್ತಾಕಾರ. ವೇದಿಕೆ ಬೇಡ. ಸಭೆಯ ಜಾಗ ಒಂದೊಂದು ಸಲ ಒಂದೊಂದು ಕಡೆ ಇರಲಿ. ಒಂದೇ ಗುಂಪಿಗೆ ಸೇರಿದ ಜಾಗದಲ್ಲಿ ಯಾವಾಗಲೂ ಸೇರಿದರೆ ಉಳಿದವರು ಕೊನೆಯವರೆಗೂ ಅತಿಥಿಗಳೇ. ಎಲ್ಲರ ಹಬ್ಬ, ಪ್ರಾರ್ಥನೆ, ಕೆಲಸದ ಪಾಳಿ ನೋಡಿ ಸಮಯ ಇಡಿ. ಮಕ್ಕಳನ್ನು ನೋಡಿಕೊಳ್ಳಲು ಯಾರಾದರೂ ಇದ್ದರೆ ಹೆಂಗಸರು ಬರುತ್ತಾರೆ, ಇಲ್ಲದಿದ್ದರೆ ಬರಲು ಆಗುವುದಿಲ್ಲ. ಸಭೆ ನಡೆಸುವವರು ಪ್ರತಿ ಸಲ ಬದಲಾಗಲಿ.

ಭಾಷೆಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಾಮಾನ್ಯವಾಗಿ ಏನಾಗುತ್ತದೆ ಅಂದರೆ, ಭಾಷೆ ಬಾರದವರು ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ಪಕ್ಕದವರು ಕಿವಿಯಲ್ಲಿ ಆಗಾಗ ಒಂದೆರಡು ಮಾತು ಹೇಳುತ್ತಾರೆ. ಹತ್ತು ನಿಮಿಷದ ಚರ್ಚೆ "ನೀರಿನ ವಿಷಯ ಮಾತಾಡುತ್ತಿದ್ದಾರೆ" ಅಂತ ಒಂದು ವಾಕ್ಯ ಆಗುತ್ತದೆ. ಒಂದು ಸಭೆಯಲ್ಲಿ ನಾವು ಇದನ್ನು ತಿರುಗಿಸಿದೆವು. ಮೊದಲ ಅರ್ಧ ಗಂಟೆ ಕಡಿಮೆ ಜನರಿಗೆ ಗೊತ್ತಿರುವ ಭಾಷೆಯಲ್ಲೇ ಸಭೆ ನಡೆಯಿತು. ಉಳಿದವರೆಲ್ಲ ಅನುವಾದಕ್ಕೆ ಕಾಯಬೇಕಾಯಿತು. ಯಾವಾಗಲೂ ಜಾಸ್ತಿ ಮಾತಾಡುವ ಒಬ್ಬ ಹಿರಿಯರು ನಾಲ್ಕನೇ ನಿಮಿಷಕ್ಕೇ "ಏನಂದ್ರು? ಏನಂದ್ರು?" ಅಂತ ಮುಂದಕ್ಕೆ ಬಾಗಿದರು. ಆಮೇಲಿನ ಸಭೆಗಳಲ್ಲಿ ಪ್ರತಿ ಎರಡು ಮಾತಿಗೊಮ್ಮೆ ನಿಲ್ಲಿಸಿ, "ಅವರಿಗೆ ಹೇಳಿ, ಆಮೇಲೆ ಮುಂದುವರಿಸೋಣ" ಅಂದವರು ಅವರೇ.

ಅನುವಾದ ಮಾಡುವವರಿಗೆ ಆ ದಿನ ಬೇರೆ ಕೆಲಸ ಕೊಡಬೇಡಿ. ಮಕ್ಕಳ ಕೈಯಲ್ಲಿ ದೊಡ್ಡವರ ಮಾತು ಅನುವಾದ ಮಾಡಿಸಬೇಡಿ.

ಹೆಜ್ಜೆ 5: ಕೊಟ್ಟ ಮಾತಿನ ಪುಸ್ತಕ, ತೆರೆದ ಲೆಕ್ಕ

ನನ್ನ ಕೇಳಿದರೆ ಎಲ್ಲಕ್ಕಿಂತ ಮುಖ್ಯವಾದ ಸಾಧನ ಇದು. ಒಂದು ಸಾಮಾನ್ಯ ನೋಟ್‌ಬುಕ್. ನಾಲ್ಕು ಕಾಲಂ: ಯಾರು, ಏನು ಮಾಡುತ್ತೇನೆ ಅಂದರು, ಯಾವಾಗ, ಆಯಿತಾ. ಪ್ರತಿ ಸಭೆ ಶುರುವಾಗುವುದು ಹಿಂದಿನ ಪುಟ ಗಟ್ಟಿಯಾಗಿ ಓದುವುದರಿಂದ. ಆಗದಿದ್ದರೆ "ಆಗಲಿಲ್ಲ, ಕಾರಣ ಇದು, ಹೊಸ ದಿನ ಇದು" ಅಂತ ಹೇಳಬೇಕು. ಬೈಯುವುದು ಇಲ್ಲ, ಮುಚ್ಚಿಡುವುದೂ ಇಲ್ಲ.

ಸಂಘಟಕರಾದ ನಿಮ್ಮ ಹೆಸರೂ ಅದರಲ್ಲಿ ಇರಲೇಬೇಕು. ನಾನು ಒಮ್ಮೆ ಒಂದು ಅರ್ಜಿಯ ನಕಲು ತರುತ್ತೇನೆ ಅಂದು ಎರಡು ಸಭೆ ಮರೆತೆ. ಎರಡನೇ ಸಲ ಪುಟ ಓದಿದ ಹುಡುಗಿ ನನ್ನ ಹೆಸರು ಬಂದಾಗ ತಡವರಿಸಿದಳು. "ಓದಮ್ಮ" ಅಂದೆ. ಓದಿದಳು. ತಪ್ಪಾಯಿತು ಅಂತ ಎಲ್ಲರ ಮುಂದೆ ಹೇಳಿದೆ, ಮಾರನೇ ದಿನವೇ ನಕಲು ತಂದುಕೊಟ್ಟೆ. ಆ ಪುಸ್ತಕ ಎಲ್ಲರಿಗೂ ಒಂದೇ ಅನ್ನುವುದು ಗುಂಪಿಗೆ ಅವತ್ತು ಗೊತ್ತಾಯಿತು.

ಹಣದ ವಿಷಯದಲ್ಲಿ ಇನ್ನೂ ಬಿಗಿ ಇರಲಿ. ಹಣ ಒಬ್ಬರ ಕೈಯಲ್ಲಿ, ಲೆಕ್ಕ ಬೇರೆ ಗುಂಪಿನ ಇನ್ನೊಬ್ಬರ ಕೈಯಲ್ಲಿ. ಖರ್ಚಿನ ಪಟ್ಟಿ ಎಲ್ಲರೂ ನೋಡುವ ಗೋಡೆಯ ಮೇಲೆ, ಎಲ್ಲರ ಭಾಷೆಯಲ್ಲಿ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಅನ್ನುವ ಅನುಮಾನ ಹುಟ್ಟುವುದೇ ಕಾಣದ ಲೆಕ್ಕದಲ್ಲಿ.

ನಿಯಮ ಮುರಿದರೆ ಏನು ಮಾಡಬೇಕು ಅಂತ ಮೊದಲೇ ಎಲ್ಲರೂ ಸೇರಿ ಬರೆದುಕೊಳ್ಳಿ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್, ನೀರು, ಕಾಡು, ಮೀನು ಇವುಗಳನ್ನು ಜನ ತಾವೇ ಸೇರಿ ಕಾಪಾಡಿಕೊಂಡ ಜಾಗಗಳನ್ನು ವರ್ಷಗಟ್ಟಲೆ ನೋಡಿದವರು. ಬಹಳ ಕಾಲ ಬಾಳಿದ ವ್ಯವಸ್ಥೆಗಳಲ್ಲಿ ಅವುಗಳನ್ನು ಬಳಸುವವರೇ ನಿಯಮ ಮಾಡಿದ್ದರು. ಮೊದಲ ತಪ್ಪಿಗೆ ಸಣ್ಣ ದಂಡ, ಮತ್ತೆ ಮಾಡಿದರೆ ಸ್ವಲ್ಪ ದೊಡ್ಡದು. ಜಗಳ ಬಿಡಿಸಲು ಹತ್ತಿರದಲ್ಲೇ ಒಂದು ಜಾಗ ಇತ್ತು. ನಿಮ್ಮ ಚಿಕ್ಕ ಗುಂಪಿಗೂ ಇದು ಹಾಗೇ ಹೊಂದುತ್ತದೆ.

ಹೆಜ್ಜೆ 6: ಮಾಡಿಸಿ ಕಲಿಸಿ

ತರಗತಿ ಪಾಠ ಕಡಿಮೆ ಇರಲಿ. ಮೊದಲ ಸಲ ನೀವು ಮಾಡಿ, ಅವರು ನೋಡಲಿ. ಎರಡನೇ ಸಲ ಇಬ್ಬರೂ ಸೇರಿ ಮಾಡಿ. ಮೂರನೇ ಸಲ ಅವರು ಮಾಡಲಿ, ನೀವು ಬಾಯಿ ಮುಚ್ಚಿ ನೋಡಿ. ಅಧಿಕಾರಿಯ ಹತ್ತಿರ ಹೋಗುವ ಮೊದಲು ಹತ್ತು ನಿಮಿಷ ಅಭ್ಯಾಸ ಮಾಡಿಸಿ, ನೀವೇ ಅಧಿಕಾರಿಯಾಗಿ ಕೂತು ಕಷ್ಟದ ಪ್ರಶ್ನೆ ಕೇಳಿ. ಹೊರಗೆ ಬಂದ ಮೇಲೆ ಇನ್ನೊಂದು ಹತ್ತು ನಿಮಿಷ: ಏನು ಸರಿ ಹೋಯಿತು, ಎಲ್ಲಿ ತಡವರಿಸಿದೆವು, ಮುಂದಿನ ಸಲ ಏನು?

ಮೂರನೇ ಸಲ ಸುಮ್ಮನಿರುವುದು ಕಷ್ಟ. ಅವರು ತಪ್ಪು ಹೇಳುತ್ತಾರೆ, ನಿಮ್ಮ ನಾಲಿಗೆ ತುದಿಯಲ್ಲಿ ಸರಿಯಾದ ಉತ್ತರ ಇರುತ್ತದೆ. ತಡೆದುಕೊಳ್ಳಿ. ನೀವು ಒಂದು ಮಾತು ಆಡಿದರೆ ಆ ಅಧಿಕಾರಿ ಅಲ್ಲಿಂದ ಮುಂದೆ ನಿಮ್ಮ ಮುಖ ಮಾತ್ರ ನೋಡುತ್ತಾರೆ.

ಹೆಜ್ಜೆ 7: ಗಾಳಿಮಾತಿಗೆ ಮೊದಲೇ ತಯಾರಾಗಿ

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಫೋನಿನಲ್ಲಿ ಬಂದ ಒಂದು ವಿಡಿಯೋ ಹತ್ತು ನಿಮಿಷದಲ್ಲಿ ಊರೆಲ್ಲ ಸುತ್ತುತ್ತದೆ. ಆ ಹತ್ತು ನಿಮಿಷದಲ್ಲಿ ಹೊಸದಾಗಿ ಪರಿಚಯ ಮಾಡಿಕೊಳ್ಳಲು ಆಗುವುದಿಲ್ಲ.

ಮಹಾರಾಷ್ಟ್ರದ ಭಿವಂಡಿಯ ಕಥೆ ಇದಕ್ಕೇ ಮುಖ್ಯ. 1970ರಲ್ಲಿ ಮತ್ತು 1984ರಲ್ಲಿ ಆ ಊರು ಭೀಕರ ಕೋಮುಗಲಭೆ ಕಂಡಿತ್ತು. 1988ರಿಂದ ಪೊಲೀಸ್ ಅಧಿಕಾರಿ ಸುರೇಶ್ ಖೋಪಡೆ ಅಲ್ಲಿ ಮೊಹಲ್ಲಾ ಸಮಿತಿಗಳನ್ನು, ಅಂದರೆ ಬಡಾವಣೆ ಮಟ್ಟದ ಸಮಿತಿಗಳನ್ನು ಕಟ್ಟಿದರು. ಹಿಂದೂಗಳು, ಮುಸ್ಲಿಮರು ಪೊಲೀಸರ ಜೊತೆ ಆಗಾಗ ಕೂತು ಸಣ್ಣಪುಟ್ಟ ತಕರಾರು ಮಾತಾಡಿ ಬಗೆಹರಿಸುತ್ತಿದ್ದರು. 1992ರ ಡಿಸೆಂಬರ್ ಮತ್ತು 1993ರ ಜನವರಿಯಲ್ಲಿ ಹತ್ತಿರದ ಮುಂಬೈ ಹೊತ್ತಿ ಉರಿಯಿತು. ಭಿವಂಡಿ ಶಾಂತವಾಗಿತ್ತು. ಯಾವ ಊರಲ್ಲಿ ಗಲಭೆ ಆಗುತ್ತದೆ, ಯಾವ ಊರಲ್ಲಿ ಆಗುವುದಿಲ್ಲ ಅಂತ ಅಧ್ಯಯನ ಮಾಡಿದ ರಾಜಕೀಯ ವಿಜ್ಞಾನಿ ಅಶುತೋಷ್ ವಾರ್ಷ್ಣೇಯ್ ಕೂಡ ಒತ್ತಿ ಹೇಳಿದ್ದು ಇದನ್ನೇ. ಎರಡೂ ಕಡೆಯವರು ಒಟ್ಟಿಗೆ ಇರುವ ಸಂಘಗಳು ಮೊದಲೇ ಇದ್ದ ಕಡೆ ಕಿಡಿ ಬೆಂಕಿಯಾಗುವುದು ಕಡಿಮೆ.

ಕೀನ್ಯಾದ ವಜೀರ್‌ನಲ್ಲೂ ಹೀಗೇ. 1990ರ ದಶಕದ ಆರಂಭದಲ್ಲಿ ಕುಲಗಳ ನಡುವೆ ಹೊಡೆದಾಟ ನಡೆಯುತ್ತಿದ್ದಾಗ ದೇಖಾ ಇಬ್ರಾಹಿಂ ಅಬ್ದಿ ಮತ್ತು ಬೇರೆ ಬೇರೆ ಕುಲದ ಹೆಂಗಸರು ಸೇರಿ ಕೆಲಸ ಶುರು ಮಾಡಿದರು. ಮೊದಲು ಹಿಡಿದದ್ದು ಮಾರುಕಟ್ಟೆಯನ್ನು. ಯಾವ ಕುಲದ ಹೆಂಗಸಾದರೂ ಅಲ್ಲಿ ಭಯವಿಲ್ಲದೆ ಬಂದು ಹೋಗಬೇಕು ಅಂತ. ಆಮೇಲೆ ಹಿರಿಯರು, ಯುವಕರು, ಸರ್ಕಾರದವರು ಸೇರಿಕೊಂಡರು.

ನಿಮ್ಮ ಗುಂಪಿಗೆ ಒಂದು ಪುಟದ ಕ್ರಮ ಬರೆದಿಡಿ. ಗಾಳಿಮಾತು ಬಂದರೆ ಯಾರು ಯಾರಿಗೆ ಫೋನ್ ಮಾಡಬೇಕು. ಯಾರು ಸ್ಥಳಕ್ಕೆ ಹೋಗಿ ಕಣ್ಣಾರೆ ನೋಡಬೇಕು, ಅದೂ ಜೋಡಿಯಾಗಿ. ಖಚಿತವಾಗುವವರೆಗೆ ಯಾರೂ ಮುಂದಕ್ಕೆ ಕಳಿಸಬಾರದು. ಖಚಿತವಾದ ಮೇಲೆ ಎಲ್ಲ ಕಡೆಯೂ ಒಂದೇ ಮಾತು ಹೋಗಬೇಕು. ಅದನ್ನು ತಮ್ಮವರಿಗೆ ತಮ್ಮವರೇ ಹೇಳಬೇಕು. ಮಾತು ನಿಜವೇ ಆಗಿದ್ದರೆ ಮುಚ್ಚಿಡಬೇಡಿ. ಒಮ್ಮೆ ಸುಳ್ಳು ಹೇಳಿ ಶಾಂತಿ ಕಾಪಾಡಿದರೆ, ಮುಂದಿನ ಸಲ ನಿಜ ಹೇಳಿದರೂ ಯಾರೂ ನಂಬುವುದಿಲ್ಲ. ಕೈ ಮೀರುವ ಹಾಗಿದ್ದರೆ ತಕ್ಷಣ ಪೊಲೀಸರಿಗೆ ತಿಳಿಸಬೇಕು. ಗುಂಪಿನವರು ಮಧ್ಯೆ ನಿಂತು ಪೆಟ್ಟು ತಿನ್ನಬೇಕಾಗಿಲ್ಲ.

"ನೀನು ಅವರ ಕಡೆಯವನು" ಅಂದಾಗ

ಕೆಲಸ ಸರಿಯಾಗಿ ನಡೆಯುತ್ತಿದ್ದರೆ ನಿಮ್ಮ ನಾಯಕರಿಗೆ ಒಂದಲ್ಲ ಒಂದು ದಿನ ತಮ್ಮವರಿಂದಲೇ ಈ ಮಾತು ಬರುತ್ತದೆ. ಬಹಳ ಜನ ಬಿಟ್ಟು ಹೋಗುವುದು ಇಲ್ಲೇ. ಆ ರಾತ್ರಿ ಅವರನ್ನು ಒಂಟಿಯಾಗಿ ಬಿಡಬೇಡಿ, ಹೋಗಿ ಮಾತಾಡಿಸಿ. ಹೊರಗಿನವರ ಜೊತೆ ಆಡಿದ ಪ್ರತಿ ಮಾತನ್ನೂ ವಾರದೊಳಗೆ ತಮ್ಮವರಿಗೆ ಬಂದು ಹೇಳುವ ಅಭ್ಯಾಸ ಮಾಡಿಸಿ. ದೊಡ್ಡ ಮಾತುಕತೆಗೆ ಹೋಗುವಾಗ ತಮ್ಮವರಲ್ಲೇ ಅತಿ ಜಾಸ್ತಿ ಅನುಮಾನ ಪಡುವ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಲಿ. ಕಣ್ಣಾರೆ ನೋಡಿದವರು ಆಡುವ ಮಾತೇ ಬೇರೆ.

ಹೆಜ್ಜೆ 8: ಕೈ ಬಿಡುವುದು

ಮೊದಲ ವರ್ಷ ಮುಗಿಯುವ ಹೊತ್ತಿಗೆ ಪ್ರತಿ ನಾಯಕರೂ ಇನ್ನಿಬ್ಬರನ್ನು ಜೊತೆಗೆ ಬೆಳೆಸುತ್ತಿರಬೇಕು. ಜವಾಬ್ದಾರಿಗೆ ಅವಧಿ ಇಡಿ, ಒಂದು ವರ್ಷ ಸಾಕು. ದಣಿದವರಿಗೆ ಮರ್ಯಾದೆಯಿಂದ ಹಿಂದೆ ಸರಿಯುವ ದಾರಿ ಇರಲಿ.

ಆಮೇಲೆ ಒಂದು ಸಭೆಗೆ ನೀವು ಹೋಗಬೇಡಿ. ಬರುವುದಿಲ್ಲ ಅಂತ ಮೊದಲೇ ಹೇಳಿಬಿಡಿ. ಮಾರನೇ ದಿನ ಮೂರು ಬೇರೆ ಬೇರೆ ಗುಂಪಿನವರನ್ನು ಕೇಳಿ, ಏನಾಯಿತು ಅಂತ. ಮೂವರ ಕಥೆಯೂ ಹೆಚ್ಚು ಕಡಿಮೆ ಒಂದೇ ಆಗಿದ್ದರೆ, ಪುಸ್ತಕದಲ್ಲಿ ಹೊಸ ಪುಟ ತುಂಬಿದ್ದರೆ, ತಿಂಗಳಿಗೆ ಒಂದು ಸಭೆ ಬಿಡುತ್ತಾ ಹೋಗಿ.

ಎರಡನೇ ವರ್ಷದ ಕೊನೆಗೆ ಮೊದಲ ಹೆಜ್ಜೆಯ ಆ ನಾಲ್ಕು ಪ್ರಶ್ನೆಗಳನ್ನೇ ತೆಗೆದುಕೊಂಡು ಮತ್ತೆ ಅದೇ ಮನೆಗಳಿಗೆ ಹೋಗಿ. ಬೀಗದ ಕೈ ಯಾರಿಗೆ ಕೊಡುತ್ತೀರಿ ಅಂತ ಕೇಳಿ. ಹಳೆಯ ನೋಟ್‌ಬುಕ್ ಪಕ್ಕದಲ್ಲಿ ಇಟ್ಟುಕೊಂಡು ಹೆಸರುಗಳನ್ನು ಹೋಲಿಸಿ ನೋಡಿ. ಈಗಲೂ ಸುಮ್ಮನಾಗುವ ಮನೆಗಳ ಪಟ್ಟಿ ಬೇರೆ ಮಾಡಿ. ಆ ಪಟ್ಟಿಯನ್ನು ಹೊಸ ಗುಂಪಿನ ಕೈಗೆ ಕೊಡಿ. ಆ ಬಾಗಿಲುಗಳಿಗೆ ಈ ಸಲ ಅವರು ಹೋಗಲಿ.